ಬಂದಿಲ್ಲ ಮತ್ತು ಬರಲಿಲ್ಲ: ಇಂಗ್ಲಿಷಿನ ಪೂರ್ಣ ವರ್ತಮಾನಕ್ಕೆ ಕನ್ನಡದ ದಾರಿ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಕನ್ನಡಿಗರ ಮಾತಿನಲ್ಲೂ ಬರಹದಲ್ಲೂ ಮತ್ತೆ ಮತ್ತೆ ತಲೆ ಎತ್ತುವ ತಪ್ಪುಗಳಲ್ಲಿ 'ಐ ಹ್ಯಾವ್ ಸೀನ್ ಹಿಮ್ ಎಸ್ಟರ್ಡೇ' ಎಂಬ ಬಗೆಯದು ಬಹಳ ಮೊಂಡಾದದ್ದು. ಶಾಲೆಯಲ್ಲಿ ಹಲವು ಸಲ ತಿದ್ದಿಸಿಕೊಂಡವರೂ, ಪದವಿ ಪಡೆದು ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿಯೇ ಪತ್ರ ಬರೆಯುವವರೂ ಈ ವಾಕ್ಯವನ್ನು ಯಾವ ಅಳುಕೂ ಇಲ್ಲದೆ ಬರೆಯುತ್ತಾರೆ. ಅವರಿಗೆ ನಿಯಮ ಗೊತ್ತಿಲ್ಲ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಆ ಮಾತು ನಿಜವಲ್ಲ. 'ಅವನನ್ನು ನಿನ್ನೆ ನೋಡಿದ್ದೇನೆ' ಎಂಬುದು ಯಾವ ಕುಂದೂ ಇಲ್ಲದ ಕನ್ನಡ ವಾಕ್ಯ. ಅದರ ಒಂದೊಂದು ಪದಕ್ಕೂ ಇಂಗ್ಲಿಷಿನ ಸರಿಯಾದ ಪದವನ್ನೇ ಹುಡುಕಿ ಜೋಡಿಸಿದರೆ ದೊರೆಯುವುದು ಆ ತಪ್ಪು ವಾಕ್ಯವೇ. ತಪ್ಪು ಹುಟ್ಟಿರುವುದು ಅಜ್ಞಾನದಿಂದಲ್ಲ, ತಾಯ್ನುಡಿಯ ವ್ಯಾಕರಣವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದರಿಂದ. ಆದ್ದರಿಂದ ಅದನ್ನು ತಿದ್ದುವ ದಾರಿಯೂ ಕನ್ನಡದ ಒಳಗಿನಿಂದಲೇ ಹೊರಡಬೇಕು ಎಂಬುದು ಈ ಉಪನ್ಯಾಸದ ವಾದ.

ಚರ್ಚೆಗೆ ಬಂದಿರುವ ಕ್ರಿಯಾರೂಪದ ಕಟ್ಟಡ ಸರಳವಾದದ್ದು. 'ಹ್ಯಾವ್' ಅಥವಾ 'ಹ್ಯಾಸ್' ಎಂಬ ಸಹಾಯಕ ಕ್ರಿಯಾಪದದ ಮುಂದೆ ಮುಖ್ಯ ಕ್ರಿಯಾಪದದ ಭೂತಕೃದಂತವನ್ನು, ಎಂದರೆ 'ಈಟ್, ಏಟ್, ಈಟನ್' ಎಂದು ಮಕ್ಕಳು ಬಾಯಿಪಾಠ ಮಾಡುವ ಸಾಲಿನ ಮೂರನೆಯ ರೂಪವನ್ನು, ಇಟ್ಟರೆ ಅದು ಸಿದ್ಧವಾಗುತ್ತದೆ. ಇದನ್ನು ಇಂಗ್ಲಿಷ್ ವ್ಯಾಕರಣಕಾರರು 'ಪ್ರೆಸೆಂಟ್ ಪರ್ಫೆಕ್ಟ್' ಎಂದು ಕರೆದರೆ ಕನ್ನಡದ ಶಾಲಾ ಪುಸ್ತಕಗಳು 'ಪೂರ್ಣ ವರ್ತಮಾನ' ಎನ್ನುತ್ತವೆ. ತೊಡಕು ಆರಂಭವಾಗುವುದು ಈ ಹೆಸರಿನಿಂದಲೇ. 'ಪರ್ಫೆಕ್ಟ್' ಎಂಬುದು ಲ್ಯಾಟಿನ್ ವ್ಯಾಕರಣದಿಂದ ಬಂದ ಪರಿಭಾಷೆ. ಮುಗಿದದ್ದು, ಪೂರ್ಣಗೊಂಡದ್ದು ಎಂದು ಅದರ ಅರ್ಥ. ಲ್ಯಾಟಿನ್ನಿನಲ್ಲಿ ಒಂದೇ ರೂಪವು 'ಬಂದೆ' ಮತ್ತು 'ಬಂದಿದ್ದೇನೆ' ಎಂಬ ಎರಡು ಅರ್ಥಗಳನ್ನೂ ಹೊರುತ್ತಿತ್ತು; ಈ ಎರಡನ್ನು ಬೇರೆ ಬೇರೆ ರೂಪಗಳಲ್ಲಿ ಇಟ್ಟಿರುವ ಇಂಗ್ಲಿಷಿಗೆ ಅದೇ ಹೆಸರನ್ನು ತೊಡಿಸಿದ್ದರಿಂದ ಅಂಗಿ ಮೈಗೆ ಹೊಂದಲಿಲ್ಲ. ಮುಗಿದ ಕ್ರಿಯೆಗೆ ಈ ರೂಪ ಎಂದು ಕಲಿತ ವಿದ್ಯಾರ್ಥಿಯು, ನಿನ್ನೆ ನೋಡಿದ ನೋಟ ಮುಗಿದೇ ಹೋಗಿದೆಯಲ್ಲ ಎಂದು ತರ್ಕಿಸಿ, 'ಹ್ಯಾವ್ ಸೀನ್' ಎಂದು ಬರೆದರೆ ಆ ತರ್ಕವನ್ನು ದೂರುವಂತಿಲ್ಲ. ಅದೇ ವಿದ್ಯಾರ್ಥಿಗೆ 'ಶಿ ಹ್ಯಾಸ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್' ಎಂಬ ವಾಕ್ಯ ಎದುರಾದಾಗ, ಅಲ್ಲಿ ವಾಸವು ಮುಗಿಯದೆ ಇನ್ನೂ ನಡೆದೇ ಇರುವುದರಿಂದ, ಕಲಿತ ಹೆಸರು ಎರಡನೆಯ ಸಲ ಕೈಕೊಡುತ್ತದೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಂಥ ಪುಸ್ತಕಗಳ ಮೂಲಕ ಭಾರತದ ತರಗತಿಗಳಲ್ಲಿ ನೆಲೆಯೂರಿದ ಹನ್ನೆರಡು ಕಾಲಗಳ ಕೋಷ್ಟಕವು ರೂಪಗಳನ್ನು ನೆನಪಿಡಲು ಒಳ್ಳೆಯ ಸಾಧನವೇ ಆದರೂ, ಪಕ್ಕಪಕ್ಕದ ಮನೆಗಳಲ್ಲಿ ಕೂತ ಎರಡು ರೂಪಗಳ ನಡುವೆ ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ಯಾವ ಕೋಷ್ಟಕವೂ ಹೇಳಲಾರದು.

ಕಳೆದುಹೋದ ಕಾಲವನ್ನು ಒಂದಕ್ಕಿಂತ ಹೆಚ್ಚು ಬಗೆಯಾಗಿ ಕತ್ತರಿಸುವುದು ಇಂಗ್ಲಿಷಿಗೆ ಮಾತ್ರ ಸೇರಿದ ವಿಚಿತ್ರವಲ್ಲ ಎಂಬುದನ್ನು ನೆನಪಿಸಿಕೊಂಡರೆ ವಿಷಯ ಹತ್ತಿರವಾಗುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಭೂತಕಾಲಕ್ಕೆ ಮೂರು ಲಕಾರಗಳ ವಿಧಾನವಿದೆ: ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಎಂದರೆ ಅನದ್ಯತನಕ್ಕೆ ಲಙ್, ಮಾತಾಡುವವನು ಕಣ್ಣಾರೆ ಕಾಣದ ಅನದ್ಯತನಕ್ಕೆ ಎಂದರೆ ಪರೋಕ್ಷ ಭೂತಕ್ಕೆ ಲಿಟ್. ಯುರೋಪಿನ ಸಂಸ್ಕೃತ ವಿದ್ವಾಂಸರು ಈ ಲಿಟ್ ಲಕಾರಕ್ಕೆ 'ಪರ್ಫೆಕ್ಟ್' ಎಂದು ಹೆಸರಿಟ್ಟಿದ್ದರಿಂದ, ಸಂಸ್ಕೃತ ಬಲ್ಲ ಕನ್ನಡ ವಿದ್ಯಾರ್ಥಿಗೆ ಇನ್ನೊಂದು ಗೊಂದಲವೂ ಸೇರಿಕೊಂಡಿತು. ಇಂಗ್ಲಿಷಿನ ಪರ್ಫೆಕ್ಟಿಗೂ ಪಾಣಿನಿಯ ಲಿಟ್ಟಿಗೂ ಅರ್ಥದಲ್ಲಿ ಬಹಳ ದೂರ. ಆದರೆ ಇಂದಿನದು ಮತ್ತು ಇಂದಿನದಲ್ಲದ್ದು ಎಂಬ ಗೆರೆ ಇಲ್ಲಿ ಉಪಯುಕ್ತ. 1660ರಲ್ಲಿ ಪ್ರಕಟವಾದ ಪೋರ್ಟ್ ರಾಯಲ್ ವ್ಯಾಕರಣವು ಫ್ರೆಂಚ್ ಭಾಷೆಗೂ ಇಂಥದ್ದೇ ಗೆರೆಯನ್ನು ಎಳೆದು, ಮಾತಾಡುತ್ತಿರುವ ದಿನದೊಳಗೆ ನಡೆದುದಕ್ಕೆ ಸಂಯುಕ್ತ ರೂಪವನ್ನೂ ಅದಕ್ಕೂ ಹಿಂದಿನದಕ್ಕೆ ಸರಳ ರೂಪವನ್ನೂ ಹೇಳಿತ್ತು. ಇಂಗ್ಲಿಷಿನಲ್ಲಿಯೂ ಗೆರೆಯೊಂದಿದೆ, ಆದರೆ ಅದು ದಿನದ ಗೆರೆಯಲ್ಲ. ಮಾತಾಡುವವನು ಮನಸ್ಸಿನಲ್ಲಿ ಇಟ್ಟುಕೊಂಡ ಕಾಲಾವಧಿ ಈ ಕ್ಷಣದವರೆಗೂ ಹರಿದುಬಂದಿದೆಯೇ, ಅಥವಾ ಈ ಕ್ಷಣಕ್ಕಿಂತ ಮುಂಚೆಯೇ ಮುಚ್ಚಿಹೋಗಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಹರಿದುಬಂದಿದ್ದರೆ ಪೂರ್ಣ ವರ್ತಮಾನ, ಮುಚ್ಚಿಹೋಗಿದ್ದರೆ ಸಾದಾ ಭೂತ. ಅವಧಿ ಒಂದು ಗಂಟೆಯದಾಗಿರಬಹುದು, ಒಂದು ಆಯುಷ್ಯದ್ದಾಗಿರಬಹುದು, ಒಂದು ರಾಜ್ಯದ ಇತಿಹಾಸದ್ದೂ ಆಗಿರಬಹುದು.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ತತ್ತ್ವಶಾಸ್ತ್ರಜ್ಞ ಹಾನ್ಸ್ ರೈಖೆನ್‌ಬಾಖ್ 1947ರಲ್ಲಿ ಪ್ರಕಟಿಸಿದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಈ ವಿಷಯಕ್ಕೆ ಬಹು ಸೊಗಸಾದ ಒಂದು ವಿವರಣೆ ಕೊಟ್ಟನು. ಕ್ರಿಯಾಪದದ ಕಾಲವನ್ನು ಅಳೆಯಲು ಎರಡಲ್ಲ, ಮೂರು ಬಿಂದುಗಳು ಬೇಕು: ಕ್ರಿಯೆ ನಡೆದ ಬಿಂದು, ಮಾತು ಹೊರಟ ಬಿಂದು, ಮತ್ತು ಕ್ರಿಯೆಯನ್ನು ಯಾವ ಕಾಲದಲ್ಲಿ ನಿಂತು ನೋಡಲಾಗುತ್ತಿದೆಯೋ ಆ ನೋಟದ ಬಿಂದು. 'ಐ ಸಾ ಹಿಮ್' ಎನ್ನುವವನು ಕ್ರಿಯೆ ನಡೆದ ಕಡೆಗೇ ಮನಸ್ಸಿನಿಂದ ಹೋಗಿ ಅಲ್ಲಿ ನಿಂತು ನೋಡುತ್ತಾನೆ. 'ಐ ಹ್ಯಾವ್ ಸೀನ್ ಹಿಮ್' ಎನ್ನುವವನು ಈಗ, ಇಲ್ಲಿ ನಿಂತು ಹಿಂದಿರುಗಿ ನೋಡುತ್ತಾನೆ. ಕ್ರಿಯೆ ಎರಡರಲ್ಲಿಯೂ ಒಂದೇ, ಅದು ನಡೆದ ಗಳಿಗೆಯೂ ಒಂದೇ ಆಗಿರಬಹುದು. ಬೇರೆಯಾಗಿರುವುದು ನಿಂತ ನೆಲ. ಹೀಗೆ ಈಗಿನಲ್ಲಿ ಕಾಲೂರಿದ ವಾಕ್ಯದೊಳಗೆ 'ಎಸ್ಟರ್ಡೇ' ಎಂಬ ಪದವನ್ನು ತಂದರೆ ಅದು ನೋಟವನ್ನು ಹಿಡಿದು ನಿನ್ನೆಗೆ ಎಳೆಯುತ್ತದೆ, 'ಹ್ಯಾವ್' ಅದನ್ನು ಈಗಿನಲ್ಲಿಯೇ ಹಿಡಿದಿಡುತ್ತದೆ, ವಾಕ್ಯ ಇಬ್ಭಾಗವಾಗುತ್ತದೆ. ಶಾಲೆಯಲ್ಲಿ ಬರಿಯ ನಿಷೇಧವಾಗಿ ಕಲಿಸುವ ನಿಯಮಕ್ಕೆ ಇದು ಸಾಕಷ್ಟು ತೃಪ್ತಿಕರವಾದ ಕಾರಣ. ಆದರೂ ವಿದ್ವಾಂಸರು ಇದನ್ನು ಇನ್ನೂ ಒಗಟೆಂದೇ ಕರೆಯುತ್ತಾರೆ. ಅದೇ ರಚನೆಯುಳ್ಳ ಜರ್ಮನ್, ಫ್ರೆಂಚ್ ವಾಕ್ಯಗಳು 'ನಿನ್ನೆ' ಎಂಬ ಪದವನ್ನು ಯಾವ ತಕರಾರೂ ಇಲ್ಲದೆ ಒಳಗೆ ಬಿಟ್ಟುಕೊಳ್ಳುವುದೇ ಅದಕ್ಕೆ ಕಾರಣ.

ಈ ರೂಪದ ಬಳಕೆಗಳನ್ನು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಬರ್ನಾರ್ಡ್ ಕಾಮ್ರಿ 1976ರ ತನ್ನ ಗ್ರಂಥದಲ್ಲಿ ನಾಲ್ಕು ಗುಂಪು ಮಾಡಿದನು. ಹಿಂದಿನ ಕ್ರಿಯೆಯ ಫಲ ಈಗ ಕಣ್ಣೆದುರು ಇರುವುದು ಮೊದಲನೆಯದು. 'ಅವರು ಬಂದಿದ್ದಾರೆ' ಎಂದರೆ ಈಗ ಇಲ್ಲಿದ್ದಾರೆ. ಜೀವಮಾನದಲ್ಲಿ ಒಮ್ಮೆಯಾದರೂ ಆದ ಅನುಭವ ಎರಡನೆಯದು; 'ಜೋಗ ನೋಡಿದ್ದೀರಾ?' ಎಂಬ ಪ್ರಶ್ನೆಯಲ್ಲಿ ಯಾವಾಗ ಎಂಬುದು ಮುಖ್ಯವಲ್ಲ, ನೋಡಿದ ಅನುಭವ ಲೆಕ್ಕದಲ್ಲಿದೆಯೋ ಇಲ್ಲವೋ ಎಂಬುದು ಮುಖ್ಯ. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ಸ್ಥಿತಿ ಮೂರನೆಯದು, ಆಗತಾನೆ ನಡೆದ ಸುದ್ದಿ ನಾಲ್ಕನೆಯದು. ಗಮನಿಸಬೇಕಾದ ಸಂಗತಿಯೆಂದರೆ, ಮೊದಲನೆಯ, ಎರಡನೆಯ ಮತ್ತು ನಾಲ್ಕನೆಯ ಬಳಕೆಗಳಲ್ಲಿ ಕನ್ನಡವೂ 'ಬಂದು' ಎಂಬ ಭೂತಕೃದಂತಾವ್ಯಯಕ್ಕೆ 'ಇರು' ಧಾತುವನ್ನು ಸೇರಿಸಿದ 'ಬಂದಿದ್ದಾನೆ' ಮಾದರಿಯನ್ನೇ ಬಳಸುತ್ತದೆ. ನಾಲ್ಕರಲ್ಲಿ ಮೂರು ಪಾಲನ್ನು ಕನ್ನಡಿಗರು ತೊಟ್ಟಿಲಿನಿಂದಲೇ ಬಲ್ಲರು. ಅದನ್ನು ಹೊಸದೆಂಬಂತೆ ಕಲಿಸಲು ಹೊರಟು ಮಕ್ಕಳನ್ನು ಹೆದರಿಸುವುದು ನಷ್ಟದ ವ್ಯವಹಾರ.

ಎರಡನೆಯ ಬಳಕೆಯಲ್ಲಿ ಕನ್ನಡದ ಒಂದು ನುಡಿಗಟ್ಟು ವಿಶೇಷವಾಗಿ ನೆರವಿಗೆ ಬರುತ್ತದೆ. 'ಅವನು ಧಾರವಾಡಕ್ಕೆ ಹೋಗಿದ್ದಾನೆ' ಎಂಬ ವಾಕ್ಯಕ್ಕೆ ಅವನು ಈಗ ಊರಿನಲ್ಲಿಲ್ಲ ಎಂಬ ಅರ್ಥವೂ ಇದೆ, ಹಿಂದೆಂದೋ ಹೋಗಿದ್ದ ಅನುಭವವಿದೆ ಎಂಬ ಅರ್ಥವೂ ಇದೆ. ಇಂಗ್ಲಿಷ್ ಈ ಎರಡನ್ನು ಬಿಡಿಸಿಡುತ್ತದೆ: ಮೊದಲಿನದಕ್ಕೆ 'ಹ್ಯಾಸ್ ಗಾನ್', ಎರಡನೆಯದಕ್ಕೆ 'ಹ್ಯಾಸ್ ಬೀನ್'. 'ಬೀನ್' ಎಂಬುದು 'ಇರು' ಎಂಬರ್ಥದ ಕ್ರಿಯಾಪದದ ಕೃದಂತವಾದರೂ ಇಲ್ಲಿ ಹೋಗುವ ಕ್ರಿಯೆಗೆ ಹೇಗೆ ಬಂತು ಎಂದು ವಿದ್ಯಾರ್ಥಿಗಳು ಬೆರಗಾಗುವುದುಂಟು. ಅವರಿಗೆ 'ಹೋಗಿ ಬಂದಿದ್ದಾನೆ' ಎಂಬ ಮಾತನ್ನು ನೆನಪಿಸಿದರೆ ಸಾಕು. ಕನ್ನಡವು ಹೋಗುವುದರ ಜೊತೆಗೆ ಬರುವುದನ್ನೂ ಹೇಳಿ ಯಾವ ಅರ್ಥವನ್ನು ಖಚಿತಪಡಿಸುತ್ತದೆಯೋ ಅದನ್ನೇ ಇಂಗ್ಲಿಷ್ ಅಲ್ಲಿ ಇದ್ದು ಬಂದದ್ದಾಗಿ ಹೇಳುತ್ತದೆ.

ಆದರೆ ಕನ್ನಡಿಗನ ಕೈಯಲ್ಲಿರುವ ಬಹು ಬೆಲೆಯುಳ್ಳ ಕೀಲಿ ಇರುವುದು ವಿಧಿರೂಪದಲ್ಲಲ್ಲ, ನಿಷೇಧದಲ್ಲಿ. ಕನ್ನಡದಲ್ಲಿ 'ಬಂದಿಲ್ಲ' ಎಂದೂ 'ಬರಲಿಲ್ಲ' ಎಂದೂ ಎರಡು ರೂಪಗಳಿವೆ. ಮೊದಲನೆಯದು 'ಬಂದು' ಎಂಬ ಕೃದಂತಕ್ಕೆ 'ಇಲ್ಲ' ಸೇರಿದುದು. 'ಇದೆ' ಎಂಬುದರ ನಿಷೇಧವೇ 'ಇಲ್ಲ' ಆದುದರಿಂದ 'ಬಂದಿಲ್ಲ' ಎಂಬುದು 'ಬಂದಿದೆ' ಎಂಬುದರ ನೇರ ಎದುರುರೂಪ. ಎರಡನೆಯದು 'ಬರಲ್' ಎಂಬ ಭಾವರೂಪಕ್ಕೆ ಅದೇ 'ಇಲ್ಲ' ಸೇರಿದುದಾಗಿದ್ದು, 'ಬಂತು' ಎಂಬ ಸಾದಾ ಭೂತದ ಎದುರುರೂಪವಾಗಿ ನಡೆಯುತ್ತದೆ. ಬೆಳಿಗ್ಗೆ ಗಂಟೆ ಬಾರಿಸಿ ಹಾಜರಿ ಕರೆಯುವಾಗ ಒಬ್ಬ ಹುಡುಗ ಕಾಣದಿದ್ದರೆ ಉಳಿದವರು 'ಬಂದಿಲ್ಲ ಸಾರ್' ಎನ್ನುತ್ತಾರೆ. ಅವನು ಇನ್ನೂ ಬರಬಹುದು, ಬರುವ ಅವಕಾಶ ತೆರೆದೇ ಇದೆ. ಸಂಜೆ ಶಾಲೆ ಬಿಟ್ಟು ಮನೆಗೆ ಹೋದ ಮೇಲೆ ಅದೇ ಮಕ್ಕಳು 'ಇವತ್ತು ಅವನು ಬರಲಿಲ್ಲ' ಎನ್ನುತ್ತಾರೆ. ಬರಬಹುದಾಗಿದ್ದ ಹೊತ್ತು ಮುಗಿದುಹೋಗಿದೆ. ಜೂನ್ ತಿಂಗಳ ನಡುವೆ ಆಕಾಶ ನೋಡುವ ರೈತ 'ಮಳೆ ಬಂದಿಲ್ಲ' ಎಂದರೆ ಬಿತ್ತನೆಯ ಆಸೆ ಉಳಿದಿದೆ ಎಂದರ್ಥ. ಬರಗಾಲದ ವರ್ಷವೊಂದನ್ನು ನೆನೆಯುವ ಮುದುಕ 'ಆ ವರ್ಷ ಮಳೆ ಬರಲಿಲ್ಲ' ಎಂದರೆ ಆ ಲೆಕ್ಕ ಮುಗಿದಿದೆ. 'ಹ್ಯಾಸ್ ನಾಟ್ ಕಮ್' ಮತ್ತು 'ಡಿಡ್ ನಾಟ್ ಕಮ್' ಎಂಬ ಇಂಗ್ಲಿಷ್ ರೂಪಗಳ ನಡುವಿನ ಅಂತರ ಬಹುಮಟ್ಟಿಗೆ ಇದೇ. ಯಾವ ವ್ಯಾಕರಣವನ್ನೂ ಓದದ ಕನ್ನಡದ ಐದು ವರ್ಷದ ಮಗುವು 'ಅಮ್ಮ ಇನ್ನೂ ಬಂದಿಲ್ಲ' ಎಂದು ಅಳುತ್ತದೆಯೇ ಹೊರತು ಆ ಕಾಯುವಿಕೆಯ ನಡುವೆ ಸಾಮಾನ್ಯವಾಗಿ 'ಬರಲಿಲ್ಲ' ಎನ್ನುವುದಿಲ್ಲ. ಇಷ್ಟು ಸೂಕ್ಷ್ಮವಾದ ವಿವೇಕ ಮಗುವಿನ ನಾಲಗೆಯ ಮೇಲೆ ಇರುವಾಗ, ಅದನ್ನು ಮುಟ್ಟದೆ ಕಪ್ಪುಹಲಗೆಯ ಮೇಲೆ 'ಹ್ಯಾವ್, ಹ್ಯಾಸ್, ವಿ-ತ್ರೀ' ಎಂದು ಬರೆದು ಪಾಠ ಆರಂಭಿಸುವುದು ಮನೆಯಲ್ಲಿ ದೀಪವಿದ್ದೂ ಕತ್ತಲಲ್ಲಿ ತಡಕಾಡಿದಂತೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಸೇರಿಸಬೇಕು. ಶಿಕ್ಷಕನು ಹಾಜರಿ ಪುಸ್ತಕವನ್ನು ತೆರೆದು ನೋಡಿ 'ನೀನು ಸೋಮವಾರ ಬಂದಿಲ್ಲ' ಎಂದು ಗದರಿಸುವುದೂ ಸಹಜ ಕನ್ನಡವೇ. ಆಗ ಬರುವ ಅವಕಾಶವೇನೂ ತೆರೆದಿಲ್ಲ, ತೆರೆದಿರುವುದು ಪುಸ್ತಕ. ಕಣ್ಣೆದುರಿನ ಗುರುತಿನಿಂದ ಹಿಂದಿನದನ್ನು ಓದಿ ಹೇಳುವಾಗ ಕನ್ನಡವು ದಿನವನ್ನು ಹೆಸರಿಸಿಯೂ 'ಇರು' ಸೇರಿದ ರೂಪವನ್ನೇ ಬಳಸುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದ್ದರೆ 'ರಾತ್ರಿ ಮಳೆ ಬಂದಿದೆ' ಎನ್ನುವುದು ವಾಡಿಕೆ; ಮಳೆಯನ್ನು ಕಂಡವರೂ ಕೇಳಿದವರೂ 'ರಾತ್ರಿ ಮಳೆ ಬಂತು' ಎನ್ನುತ್ತಾರೆ. ಈ ಭೇದ ಕನ್ನಡದ ಒಂದು ಸೊಬಗು. ಪಾಣಿನಿಯ ಪರೋಕ್ಷದ ನೆನಪು ತರುವಂಥದು. ಇಂಗ್ಲಿಷಿನ ಪೂರ್ಣ ವರ್ತಮಾನಕ್ಕೆ ಈ ಕೆಲಸವಿಲ್ಲ. ಅಲ್ಲಿ 'ಇಟ್ ಮಸ್ಟ್ ಹ್ಯಾವ್ ರೇನ್ಡ್ ಲಾಸ್ಟ್ ನೈಟ್' ಎಂದು ಊಹೆಯನ್ನು ಬೇರೆ ಪದದಿಂದ ಹೇಳಬೇಕು, ಇಲ್ಲವೆ 'ಇಟ್ ರೇನ್ಡ್' ಎಂದು ಸಾದಾ ಭೂತಕ್ಕೆ ಇಳಿಯಬೇಕು.

ಎರಡು ಭಾಷೆಗಳು ಇಷ್ಟು ದೂರ ಜೊತೆಯಾಗಿ ನಡೆದು ಇಲ್ಲಿ ಅಗಲುವುದೇಕೆ ಎಂಬುದನ್ನು ಅವುಗಳ ಸಹಾಯಕ ಕ್ರಿಯಾಪದಗಳ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. 'ಹ್ಯಾವ್' ಎಂಬುದರ ಮೂಲಾರ್ಥ ಒಡೆತನ. ಹಳೆಯ ಇಂಗ್ಲಿಷಿನಲ್ಲಿ 'ನನ್ನ ಬಳಿ ಬರೆದ ಪತ್ರವಿದೆ' ಎಂಬಂಥ ಅರ್ಥದ ವಾಕ್ಯಗಳಿಂದ ಈ ರಚನೆ ಹೊರಟಿತು. ಆಗ 'ಬರೆದ' ಎಂಬ ಕೃದಂತವು ಪತ್ರಕ್ಕೆ ವಿಶೇಷಣವಾಗಿತ್ತು, ಕೆಲವೊಮ್ಮೆ ಅದರ ಲಿಂಗವಿಭಕ್ತಿಗಳನ್ನೂ ಅನುಸರಿಸುತ್ತಿತ್ತು. ಕಾಲಕ್ರಮದಲ್ಲಿ ಕೃದಂತವು ಪತ್ರವನ್ನು ಬಿಟ್ಟು 'ಹ್ಯಾವ್' ಕಡೆಗೆ ಸರಿದು ಅಂಟಿಕೊಂಡಿತು. ಒಡೆತನ ಮಾಸಿ, ಮುಗಿದ ಕ್ರಿಯೆಯೊಂದನ್ನು ಈಗಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಅರ್ಥ ಉಳಿಯಿತು. ಹೋಗು, ಬರು ಮೊದಲಾದ ಚಲನೆಯ ಅಕರ್ಮಕ ಕ್ರಿಯೆಗಳಿಗೆ ಇಂಗ್ಲಿಷ್ ಬಹುಕಾಲ 'ಹಿ ಈಸ್ ಕಮ್' ಎಂದು, ಕನ್ನಡದ ಹಾಗೆಯೇ, 'ಇರು' ಎಂಬರ್ಥದ ಕ್ರಿಯಾಪದವನ್ನೇ ಬಳಸುತ್ತಿತ್ತು. ಷೇಕ್ಸ್‌ಪಿಯರನ ಕಾಲದಲ್ಲಿ ಸಾಮಾನ್ಯವಾಗಿದ್ದ ಈ ಬಳಕೆ 18, 19ನೇ ಶತಮಾನಗಳಲ್ಲಿ ಹಿಂದೆ ಸರಿದು, ಈಗ 'ಹಿ ಈಸ್ ಗಾನ್' ಎಂಬಂಥ ಕಡೆಗಳಲ್ಲಿ ಮಾತ್ರ ಉಳಿದುಕೊಂಡಿದೆ. ಕನ್ನಡದಲ್ಲಿ ಒಡೆತನಕ್ಕೆಂದೇ ಬೇರೆ ಕ್ರಿಯಾಪದವಿಲ್ಲ. 'ಅವರಿಗೆ ಮೂವರು ಮಕ್ಕಳಿದ್ದಾರೆ', 'ಅವನ ಹತ್ತಿರ ದುಡ್ಡಿದೆ' ಎಂದು ಇರುವಿಕೆಯ ಮೂಲಕವೇ ಒಡೆತನವನ್ನೂ ಹೇಳುವ ಭಾಷೆಗೆ ಈ ರಚನೆಗೂ 'ಇರು' ಧಾತುವೇ ಒದಗಿದ್ದು ಸಹಜ.

ಇರುವಿಕೆಯ ಈ ಬಲ ಕನ್ನಡದಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಭಂಗಿಯನ್ನು ಹೇಳುವ ಕ್ರಿಯಾಪದಗಳನ್ನು ನೋಡಬೇಕು. 'ಅವನು ಕೂತಿದ್ದಾನೆ' ಎಂಬುದು ರೂಪದಲ್ಲಿ 'ಬಂದಿದ್ದಾನೆ' ಎಂಬುದರಂತೆಯೇ ಇದ್ದರೂ ಇಂಗ್ಲಿಷಿನಲ್ಲಿ ಅದು 'ಹಿ ಹ್ಯಾಸ್ ಸ್ಯಾಟ್' ಆಗುವುದಿಲ್ಲ, 'ಹಿ ಈಸ್ ಸಿಟಿಂಗ್' ಆಗುತ್ತದೆ. ನಿಂತಿದ್ದಾನೆ, ಮಲಗಿದ್ದಾಳೆ, ಒರಗಿದ್ದಾನೆ ಎಂಬವೂ ಹಾಗೆಯೇ. 'ಸೀರೆ ಉಟ್ಟಿದ್ದಾಳೆ' ಎಂಬುದು 'ಈಸ್ ವೇರಿಂಗ್' ಆಗುತ್ತದೆ, 'ಹಸಿವಾಗಿದೆ', 'ತಡವಾಗಿದೆ' ಎಂಬವು ಇಂಗ್ಲಿಷಿನಲ್ಲಿ ಬರಿಯ ಗುಣವಾಚಕಗಳಾಗಿ 'ಐ ಆ್ಯಮ್ ಹಂಗ್ರಿ', 'ಇಟ್ ಈಸ್ ಲೇಟ್' ಆಗುತ್ತವೆ. ಕನ್ನಡದ ಕಣ್ಣಿಗೆ ಕೂರುವುದು ಒಂದು ಕ್ಷಣದ ಕ್ರಿಯೆ, ಆಮೇಲಿನದು ಅದರ ಫಲವಾದ ಸ್ಥಿತಿ. ಇಂಗ್ಲಿಷಿನ ಕಣ್ಣಿಗೆ ಆ ಸ್ಥಿತಿಯೇ ನಡೆಯುತ್ತಿರುವ ಕ್ರಿಯೆ. ಇದರಿಂದ ತಿಳಿಯುವುದೇನೆಂದರೆ, ಕನ್ನಡದ 'ಇರು' ರೂಪದ ತೂಕ ಈಗ ಉಳಿದಿರುವ ಸ್ಥಿತಿ ಅಥವಾ ಗುರುತಿನ ಮೇಲೆ ಬೀಳುತ್ತದೆ. ಸ್ಥಿತಿ ಈಗಿನದಾದರೂ ಅದನ್ನು ಉಂಟುಮಾಡಿದ ಕ್ರಿಯೆ ಸೋಮವಾರದ್ದೆಂದು ಹೇಳಲು ಅದಕ್ಕೆ ಅಡ್ಡಿಯಿಲ್ಲ, ಆದ್ದರಿಂದಲೇ 'ಸೋಮವಾರ ಬಂದಿದ್ದಾನೆ' ಸಲ್ಲುತ್ತದೆ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದವರು. 1999ರಲ್ಲಿ ಹೊರಬಂದ ಅವರ ಇಂಗ್ಲಿಷ್ ಗ್ರಂಥವು ಕ್ರಿಯಾಪದದ ಕಾಲ, ಕ್ರಿಯೆಯ ಒಳಗಿನ ನಡೆ ಮತ್ತು ಮಾತಾಡುವವನ ನಿಲುವು ಎಂಬ ಮೂರರಲ್ಲಿ ಯಾವುದಕ್ಕೆ ಪ್ರಾಧಾನ್ಯವಿದೆ ಎಂಬುದರ ಮೇಲೆ ಜಗತ್ತಿನ ಭಾಷೆಗಳನ್ನು ವರ್ಗೀಕರಿಸಿತು. ಇಂಗ್ಲಿಷಿನ ಚೌಕಟ್ಟನ್ನು ಕನ್ನಡದ ಮೇಲೆ ಹೇರಬಾರದೆಂಬ ಅವರ ಒತ್ತಾಯದಷ್ಟೇ, ಕನ್ನಡದ ಚೌಕಟ್ಟು ತನಗರಿವಿಲ್ಲದೆ ಇಂಗ್ಲಿಷಿನ ಮೇಲೆ ಕೂರುವುದನ್ನು ಗಮನಿಸುವುದೂ ಅಗತ್ಯ.

ದಿನಪತ್ರಿಕೆಗಳನ್ನು ಎದುರಿಗಿಟ್ಟುಕೊಂಡರೆ ಈ ಅಂತರ ಕಣ್ಣಿಗೆ ಕಟ್ಟುತ್ತದೆ. 'ಸರ್ಕಾರವು ಸೋಮವಾರ ಆದೇಶ ಹೊರಡಿಸಿದೆ' ಎಂಬುದು ಕನ್ನಡ ಪತ್ರಿಕೆಯ ನಿತ್ಯದ ಭಾಷೆ. ಇಂಗ್ಲಿಷ್ ವರದಿಗಾರನು ಎರಡರಲ್ಲೊಂದನ್ನು ಬಿಡಬೇಕು: ದಿನವನ್ನು ಹೇಳದೆ 'ಹ್ಯಾಸ್ ಇಶ್ಯೂಡ್' ಎನ್ನಬೇಕು, ಇಲ್ಲವೆ ದಿನವನ್ನು ಹೇಳಿ 'ಇಶ್ಯೂಡ್' ಎನ್ನಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿದ ಸುದ್ದಿಯನ್ನು 'ಇಂಡಿಯಾ ಹ್ಯಾಸ್ ಲ್ಯಾಂಡೆಡ್ ಆನ್ ದ ಮೂನ್' ಎಂದು ಸಾರಬಹುದು, ಆದರೆ ಮುಂದಿನ ವಾಕ್ಯದಲ್ಲಿ ಸಂಜೆ ಆರು ಗಂಟೆ ದಾಟಿದ ಮೇಲೆ ಇಳಿಯಿತು ಎಂದು ವಿವರಿಸತೊಡಗಿದೊಡನೆ 'ಲ್ಯಾಂಡೆಡ್' ಎಂದು ಸಾದಾ ಭೂತಕ್ಕೆ ಬರಬೇಕು. ಇಂಗ್ಲಿಷ್ ಸುದ್ದಿಬರಹದಲ್ಲಿ ಮೊದಲ ವಾಕ್ಯ ಪೂರ್ಣ ವರ್ತಮಾನದಲ್ಲಿದ್ದು ಉಳಿದುದೆಲ್ಲ ಸಾದಾ ಭೂತಕ್ಕೆ ಜಾರುವುದು ಈ ಕಾರಣದಿಂದ. ಸುದ್ದಿಯನ್ನು ಈಗಿನಲ್ಲಿ ನಿಂತು ಕೊಟ್ಟು, ಕಥೆಯನ್ನು ಆಗಿನೊಳಗೆ ಹೋಗಿ ಹೇಳಲಾಗುತ್ತದೆ.

ಕಾಮ್ರಿಯ ಮೂರನೆಯ ಗುಂಪು, ಎಂದರೆ ಹಿಂದೆ ಆರಂಭವಾಗಿ ಈಗಲೂ ನಡೆದಿರುವ ಸ್ಥಿತಿ, ಕನ್ನಡಿಗರಿಗೆ ನಿಜವಾಗಿ ಹೊಸದು. 'ಹತ್ತು ವರ್ಷದಿಂದ ಇಲ್ಲಿ ಇದ್ದೇವೆ' ಎಂಬಲ್ಲಿ ಕನ್ನಡಕ್ಕೆ ವರ್ತಮಾನವೇ ಸಾಕು, ಹಿಂದಿನಿಂದ ಹರಿದುಬಂದ ಅರ್ಥವನ್ನು 'ಇಂದ' ಪ್ರತ್ಯಯ ತಾನೇ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಭಾರವನ್ನು ಕ್ರಿಯಾಪದವೂ ಹೊರಬೇಕು. 'ವಿ ಆರ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಎಂಬ ಭಾರತೀಯ ವಾಕ್ಯದಲ್ಲಿ ಎರಡು ತಪ್ಪುಗಳು ಸೇರಿವೆ: ವರ್ತಮಾನವನ್ನು ಹಾಗೆಯೇ ಉಳಿಸಿದ್ದು ಒಂದು, 'ಇಂದ' ಎಂಬ ಒಂದೇ ಪ್ರತ್ಯಯದ ಎದುರಿಗೆ ಇಂಗ್ಲಿಷಿನಲ್ಲಿರುವ ಎರಡು ಪದಗಳನ್ನು ಬೆರೆಸಿದ್ದು ಇನ್ನೊಂದು. ಆರಂಭದ ಬಿಂದುವನ್ನು ಹೇಳುವುದು 'ಸಿನ್ಸ್', ಅವಧಿಯ ಉದ್ದವನ್ನು ಹೇಳುವುದು 'ಫಾರ್'. ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಪಡೆಯಿತು. 'ಮೈಸೂರ್ ಸ್ಟೇಟ್ ಬಿಕೇಮ್ ಕರ್ನಾಟಕ ಇನ್ 1973' ಎಂಬಲ್ಲಿ ಸಾದಾ ಭೂತವಿದ್ದರೆ, 'ಇಟ್ ಹ್ಯಾಸ್ ಬೀನ್ ಕರ್ನಾಟಕ ಸಿನ್ಸ್ 1973' ಎಂಬಲ್ಲಿ ಅದೇ ಇಸವಿ ಇದ್ದೂ ಪೂರ್ಣ ವರ್ತಮಾನ ಸಲ್ಲುತ್ತದೆ. ಇಸವಿ ಬಂದರೆ ಪೂರ್ಣ ವರ್ತಮಾನ ಬರಬಾರದು ಎಂದು ಕುರುಡಾಗಿ ಕಲಿತವರು ಇಲ್ಲಿ ಎಡವುತ್ತಾರೆ. ಇಸವಿ ಬೇಲಿಯೋ ಬಾಗಿಲೋ ಎಂಬುದನ್ನು ಅದರ ಹಿಂದಿನ ಪುಟ್ಟ ಪದ ನಿರ್ಧರಿಸುತ್ತದೆ. 'ಬಾಲ್ಯದಿಂದ ಗೊತ್ತು' ಎಂಬುದನ್ನು 'ಐ ನೋ ಹಿಮ್ ಸಿನ್ಸ್ ಚೈಲ್ಡ್‌ಹುಡ್' ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಇಲ್ಲಿಯೂ ಕನ್ನಡದ ಇನ್ನೊಂದು ನುಡಿಗಟ್ಟು ಸೇತುವೆಯಾಗಬಲ್ಲದು: 'ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿದೆ' ಎಂದು ಎಲ್ಲರೂ ಹೇಳುತ್ತಾರೆ, ಅದು 'ಇಟ್ ಹ್ಯಾಸ್ ಬೀನ್ ಟೆನ್ ಇಯರ್ಸ್' ಎಂಬುದಕ್ಕೆ ಹೆಚ್ಚು ಕಡಿಮೆ ತದ್ರೂಪವಾಗಿದೆ.

ತೆರೆದ ಅವಧಿ ಮತ್ತು ಮುಚ್ಚಿದ ಅವಧಿಯ ಲೆಕ್ಕ ಮನುಷ್ಯರ ಆಯುಷ್ಯಕ್ಕೂ ಅನ್ವಯಿಸುತ್ತದೆ. ಕನ್ನಡದಲ್ಲಿ 'ಕುವೆಂಪು ಎರಡು ದೊಡ್ಡ ಕಾದಂಬರಿಗಳನ್ನು ಬರೆದಿದ್ದಾರೆ' ಎನ್ನುವುದು ಇಂದಿಗೂ ಸಹಜ, ಕೃತಿಗಳು ಕೈಯಲ್ಲಿವೆ, ಓದಲಾಗುತ್ತಿವೆ. ಇಂಗ್ಲಿಷ್ 1994ರ ನಂತರ ಆ ವಾಕ್ಯವನ್ನು 'ಕುವೆಂಪು ರೋಟ್' ಎಂದೇ ಬಯಸುತ್ತದೆ, ಏಕೆಂದರೆ ಬರೆಯುವ ಅವಕಾಶವಿದ್ದ ಆಯುಷ್ಯ ಮುಚ್ಚಿದೆ. ಆದರೆ ಕನ್ನಡ ಲೇಖಕರ ಸಮೂಹವನ್ನೇ ಕರ್ತೃವಾಗಿ ತೆಗೆದುಕೊಂಡರೆ ಅವಧಿ ಮತ್ತೆ ತೆರೆದುಕೊಳ್ಳುತ್ತದೆ: 1967ರ ಕುವೆಂಪು ಅವರಿಂದ 2010ರ ಚಂದ್ರಶೇಖರ ಕಂಬಾರರವರೆಗೆ ಎಂಟು ಮಂದಿಗೆ ಜ್ಞಾನಪೀಠ ಸಂದಿರುವುದನ್ನು 'ಎಯ್ಟ್ ಕನ್ನಡ ರೈಟರ್ಸ್ ಹ್ಯಾವ್ ವನ್ ದ ಜ್ಞಾನಪೀಠ' ಎಂದು ಹೇಳಬೇಕು. ಆ ಎಂಟರಲ್ಲಿ ಹೆಚ್ಚಿನವರು ಇಂದು ಇಲ್ಲದಿದ್ದರೂ ಎಣಿಕೆ ನಡೆದೇ ಇದೆ, ಒಂಬತ್ತನೆಯವರಿಗೆ ಜಾಗವಿದೆ. 'ಬೇಂದ್ರೆ ವನ್ ಇಟ್ ಇನ್ 1973' ಎಂಬುದು ಆ ತೆರೆದ ಲೆಕ್ಕದೊಳಗಿನ ಮುಚ್ಚಿದ ಒಂದು ಪುಟ.

ಪೂರ್ಣ ವರ್ತಮಾನದ ನೆರೆಯಲ್ಲಿರುವ ಪೂರ್ಣ ಭೂತದಲ್ಲಿಯೂ ಕನ್ನಡದ ಕೈವಾಡ ಕಾಣುತ್ತದೆ. 'ನಿನ್ನೆ ನಿಮ್ಮ ಮನೆಗೆ ಬಂದಿದ್ದೆ' ಎಂಬ ಮಾತಿನಲ್ಲಿ ಬಂದು ಹಿಂದಿರುಗಿಯೂ ಆಯಿತು, ಬಂದದ್ದರ ಫಲ ಈಗ ಉಳಿದಿಲ್ಲ ಎಂಬ ಸೂಚನೆಯಿದೆ. ಇದನ್ನು 'ಐ ಹ್ಯಾಡ್ ಕಮ್ ಟು ಯುವರ್ ಹೌಸ್' ಎಂದು ಬರೆದರೆ ಇಂಗ್ಲಿಷ್ ಓದುಗನು ಯಾವ ಘಟನೆಗಿಂತ ಮುಂಚೆ ಎಂದು ಕಾಯುತ್ತ ಕೂರುತ್ತಾನೆ, ಏಕೆಂದರೆ ರೈಖೆನ್‌ಬಾಖ್ ಹೇಳಿದ ನೋಟದ ಬಿಂದು ಅಲ್ಲಿ ಭೂತದೊಳಗೇ ಎಲ್ಲಿಯಾದರೂ ನೆಲೆಗೊಂಡಿರಬೇಕು. ಸಾದಾ 'ಐ ಕೇಮ್' ಎಂಬುದೇ ಅಲ್ಲಿ ಸರಿ.

ಇಷ್ಟೆಲ್ಲ ಹೇಳಿದ ಮೇಲೂ ಇಂಗ್ಲಿಷು ಎಲ್ಲೆಡೆ ಒಂದೇ ಅಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಅಮೆರಿಕದವರೊಡನೆ ದಿನವೂ ಮಾತಾಡುವ ತರುಣರು 'ಡಿಡ್ ಯು ಈಟ್ ಆಲ್‌ರೆಡಿ?', 'ಐ ಜಸ್ಟ್ ಏಟ್' ಎಂಬ ವಾಕ್ಯಗಳನ್ನು ಕೇಳಿ, ಶಾಲೆಯಲ್ಲಿ ಕಲಿತದ್ದು ಸುಳ್ಳೇ ಎಂದು ಸಂಶಯಪಡುತ್ತಾರೆ. ಸುಳ್ಳಲ್ಲ. ಬ್ರಿಟಿಷರು 'ಹ್ಯಾವ್ ಯು ಈಟನ್?' ಎನ್ನುವಲ್ಲಿ ಅಮೆರಿಕನ್ನರು ಸಾದಾ ಭೂತವನ್ನೂ ಧಾರಾಳವಾಗಿ ಬಳಸುತ್ತಾರೆ. ಕನ್ನಡಿಗರು ಎದುರಾದವರನ್ನೆಲ್ಲ ಕೇಳುವ 'ಊಟ ಆಯ್ತಾ?' ಎಂಬ ಪ್ರಶ್ನೆಯಲ್ಲಿಯೂ ಇರುವುದು ಸಾದಾ ಭೂತವೇ. ಈ ಒಂದು ವಿಷಯದಲ್ಲಿ ಮಂಡ್ಯದ ಜಗುಲಿಗೂ ಅಮೆರಿಕದ ಊಟದ ಮೇಜಿಗೂ ನಂಟಿದೆ. ಆದರೆ ಅಮೆರಿಕದಲ್ಲಿಯೂ ಯಾರೂ 'ಹ್ಯಾವ್ ಸೀನ್ ಎಸ್ಟರ್ಡೇ' ಎನ್ನುವುದಿಲ್ಲ. ಸಡಿಲಿಕೆ ಒಂದು ದಿಕ್ಕಿಗೆ ಮಾತ್ರ.

ಕಲಿಕೆಯ ದೃಷ್ಟಿಯಿಂದ ಎರಡು ಅಭ್ಯಾಸಗಳು ಉಳಿದವೆಲ್ಲಕ್ಕಿಂತ ಹೆಚ್ಚು ಫಲ ಕೊಡಬಲ್ಲವು. ಮೊದಲನೆಯದು ಕಿವಿಯದು. ನಿತ್ಯದ ಮಾತಿನಲ್ಲಿ 'ಹ್ಯಾವ್' ಎಂಬುದು ಪೂರ್ತಿಯಾಗಿ ಕೇಳಿಸುವುದೇ ಅಪರೂಪ. 'ಐವ್ ಸೀನ್', 'ಹೀಸ್ ಗಾನ್' ಎಂದು ಅದು ಒಂದು ವ್ಯಂಜನದಷ್ಟಕ್ಕೆ ಕುಗ್ಗುತ್ತದೆ. ಅದರಲ್ಲಿಯೂ 'ಹೀಸ್' ಎಂಬುದು 'ಹಿ ಈಸ್' ಆಗಿರಬಹುದು, 'ಹಿ ಹ್ಯಾಸ್' ಆಗಿರಬಹುದು. 'ಹೀಸ್ ಈಟಿಂಗ್' ಎಂಬಲ್ಲಿ ಒಂದು, 'ಹೀಸ್ ಈಟನ್' ಎಂಬಲ್ಲಿ ಇನ್ನೊಂದು ಎಂಬುದನ್ನು ಮುಂದಿನ ಪದ ಕೇಳಿಯೇ ಗುರುತಿಸಬೇಕು. ಪುಸ್ತಕದಿಂದಲೇ ಇಂಗ್ಲಿಷ್ ಕಲಿತ ಹಳ್ಳಿಯ ಮಕ್ಕಳಿಗೆ ಈ ರೂಪ ಕೇಳಿಸುವುದೇ ಇಲ್ಲ, ಕೇಳಿಸದ್ದು ನಾಲಗೆಗೆ ಬರುವುದಿಲ್ಲ. ಆ ಮಕ್ಕಳಿಗೆ ನಿಧಾನವಾಗಿ, ಗಟ್ಟಿಯಾಗಿ, ಹಲವು ಸಲ ಓದಿ ಕೇಳಿಸುವ ಶಿಕ್ಷಕರು ಬೇಕು.

ಎರಡನೆಯದು ಸಂಭಾಷಣೆಯದು. ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬಳು 'ಹ್ಯಾವ್ ಯು ಬೀನ್ ಟು ಹಂಪಿ?' ಎಂದು ಕೇಳಲಿ, ಇನ್ನೊಬ್ಬಳು 'ಎಸ್, ಐ ಹ್ಯಾವ್' ಎನ್ನಲಿ. ಮುಂದಿನ ಪ್ರಶ್ನೆ 'ವೆನ್' ಎಂಬ ಪದದಿಂದ ಆರಂಭವಾಗಬೇಕು. ಆ ಪದ ಬಾಯಿಂದ ಹೊರಟೊಡನೆ ಕ್ರಿಯಾಪದ 'ಡಿಡ್ ಯು ಗೋ' ಎಂದು ಬದಲಾಗಬೇಕು, ಆಮೇಲೆ ಯಾರ ಜೊತೆ, ಹೇಗೆ, ಏನೇನು ನೋಡಿದ್ದು ಎಂಬ ಪ್ರಶ್ನೆಗಳೂ ಉತ್ತರಗಳೂ ಸಾದಾ ಭೂತದಲ್ಲಿಯೇ ನಡೆಯಬೇಕು. ವಿರೂಪಾಕ್ಷ ಗುಡಿಯ ಮುಂದೆ ನಿಂತದ್ದು, ವಿಜಯವಿಠ್ಠಲ ಗುಡಿಯ ಕಲ್ಲಿನ ರಥದವರೆಗೆ ನಡೆದದ್ದು, ತುಂಗಭದ್ರೆಯಲ್ಲಿ ಕಾಲಿಟ್ಟದ್ದು ಎಲ್ಲವನ್ನೂ ಅವಳು ಹೇಳಿ ಮುಗಿಸಿದ ಬಳಿಕ, ಕೇಳಿದ ಹುಡುಗಿ ತನ್ನ ಸರದಿ ಬಂದಾಗ 'ಐ ಹ್ಯಾವಂಟ್ ಬೀನ್ ದೇರ್ ಎಟ್' ಎನ್ನಲಿ, ಅದರ ಪಕ್ಕದಲ್ಲಿಯೇ ಕನ್ನಡದಲ್ಲಿ 'ನಾನಿನ್ನೂ ಹೋಗಿಲ್ಲ' ಎಂದೂ ಬರೆದುಕೊಳ್ಳಲಿ.